ಕಡಲ ಲೆಕ್ಕ, ಎರೆ ಹೊಲದ ಬಿತ್ತನೆ



ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಬೋನಾಳ ಕೆರೆಯ ದಂಡೆಯಲ್ಲಿ, ರೈತರೂ ವಿದ್ಯಾರ್ಥಿಗಳೂ ಸೇರಿರುವ ಈ ವಿಚಾರ ಸಂಕಿರಣದಲ್ಲಿ ಕುಳಿತು ಸಮುದ್ರದ ಮಾತೇಕೆ ಎಂದು ಕೆಲವರಿಗೆ ಅನಿಸಿರಬಹುದು. ಪಡುವಣ ಕಡಲೂ ಮೂಡಣ ಕಡಲೂ ಇಲ್ಲಿಗೆ ನೂರಾರು ಕಿಲೋಮೀಟರ್ ದೂರ. ಆದರೆ ಅರಬ್ಬಿ ಸಮುದ್ರದ ಮೇಲಿಂದ ಬಂದ ಮೋಡ ಮಹಾಬಳೇಶ್ವರದ ಘಟ್ಟದಲ್ಲಿ ಸುರಿದರೇನೇ ಆಲಮಟ್ಟಿ ತುಂಬಿ, ನಾರಾಯಣಪುರದ ಎಡದಂಡೆ ಕಾಲುವೆಗೆ ನೀರು ಬರುವುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ನಮ್ಮ ಎರೆ ಹೊಲ ತೊಯ್ಯುತ್ತದೆ. ಕಡಲನ್ನು ಅಳೆಯುವವರು ನಮ್ಮ ಮಳೆಯನ್ನೇ ಅಳೆಯುತ್ತಿದ್ದಾರೆ.

2009ನ್ನು ನೆನೆಯಿರಿ. ಆ ವರ್ಷ ದೇಶದ ಮುಂಗಾರು ವಾಡಿಕೆಯ ಶೇ 78ರಷ್ಟು ಮಾತ್ರ. ಬರದ ಮಾತು ನಡೆದಿರುವಾಗಲೇ ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿದು, ಕೃಷ್ಣೆ, ತುಂಗಭದ್ರೆಗಳು ಉಕ್ಕಿ, ಉತ್ತರ ಕರ್ನಾಟಕದ ಊರೂರೇ ನೀರುಪಾಲಾದವು. ಇಡೀ ಋತುವಿನ ಸರಾಸರಿ ಹಿಡಿದುಕೊಂಡು ರೈತ ಏನು ಮಾಡಿಯಾನು? ಅವನಿಗೆ ಬೇಕಾದದ್ದು ಮುಂದಿನ ವಾರದ ಸುದ್ದಿ. ಆ ಸುದ್ದಿ ಗಟ್ಟಿಯಾಗಬೇಕಾದರೆ ಕಡಲಿನ ಒಡಲ ಬಿಸಿ ಎಷ್ಟೆಂಬುದು ತಿಳಿದಿರಬೇಕು.

ಅದನ್ನು ತಿಳಿಯುವ ಸಾಧನಗಳಲ್ಲಿ ಆರ್ಗೋ ಫ್ಲೋಟ್ ನನಗೆ ಅತ್ಯಂತ ಪ್ರಿಯವಾದದ್ದು. ಹೆಚ್ಚುಕಡಿಮೆ ಆಳೆತ್ತರದ ಕೊಳವೆ. ಒಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ತಳ್ಳಿದರೆ ಗಾತ್ರ ಹಿಗ್ಗಿ ಮೇಲೇರುತ್ತದೆ; ಒಳಕ್ಕೆಳೆದುಕೊಂಡರೆ ಮುಳುಗುತ್ತದೆ. ಸಾವಿರ ಮೀಟರ್ ಆಳದಲ್ಲಿ ದಿನಗಟ್ಟಲೆ ತೇಲುತ್ತ ಸಾಗಿ, ಎರಡು ಸಾವಿರ ಮೀಟರಿಗಿಳಿದು, ಅಲ್ಲಿಂದ ಮೇಲೆ ಬರುವಾಗ ನೀರಿನ ಉಷ್ಣತೆಯನ್ನೂ ಉಪ್ಪಿನಂಶವನ್ನೂ ಅಳೆದು ಉಪಗ್ರಹಕ್ಕೆ ಒಪ್ಪಿಸುತ್ತದೆ. ಮತ್ತೆ ಮುಳುಗುತ್ತದೆ. ಹತ್ತು ದಿನಕ್ಕೊಂದು ಸುತ್ತು. ಜಗತ್ತಿನ ಸಾಗರಗಳಲ್ಲಿ ಇಂಥವು ನಾಲ್ಕು ಸಾವಿರದಷ್ಟಿವೆ. ಈ ಕೆಲಸದಲ್ಲಿ ಭಾರತದ ಪಾಲನ್ನು ನೋಡಿಕೊಳ್ಳುವುದು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್. ಮೀನುಗಾರರಿಗೆ ಮೀನು ಸಿಗುವ ಜಾಗ ತಿಳಿಸುವುದೂ, 2007ರಿಂದ ಸುನಾಮಿ ಎಚ್ಚರಿಕೆ ಕೊಡುತ್ತಿರುವುದೂ ಅದೇ ಸಂಸ್ಥೆ.

ಉಪ್ಪಿನಂಶವೇಕೆ ಬೇಕು? ಗಂಗೆ, ಬ್ರಹ್ಮಪುತ್ರ, ಇರಾವತಿಗಳ ಸಿಹಿನೀರು ಬಂಗಾಳ ಕೊಲ್ಲಿಯ ಮೇಲ್ಪದರಕ್ಕೆ ಸೇರುತ್ತದೆ; ನಮ್ಮ ಕೃಷ್ಣೆಯ ಪಾಲೂ ಅದರಲ್ಲಿದೆ. ಹಗುರವಾದ ಆ ಪದರ ಕೆಳಗಿನ ತಣ್ಣನೆಯ ಉಪ್ಪುನೀರಿನ ಜೊತೆ ಸುಲಭವಾಗಿ ಬೆರೆಯುವುದಿಲ್ಲ. ಹಾಗಾಗಿ ಕೊಲ್ಲಿಯ ಮೈ ಬೆಚ್ಚಗೇ ಉಳಿದು, ಮೋಡ ಮತ್ತೆ ಮತ್ತೆ ಕಟ್ಟುತ್ತದೆ. ಕಡಲ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ದಟ್ಟ ಮೋಡಗಳಿಗೆ ಅನುಕೂಲವೆಂದು 1984ರಲ್ಲಿ ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳರೂ ಒಬ್ಬರು. ಅವರು ಪಾವಗಡದ ಶೇಂಗಾ ಬೆಳೆಗಾರರ ಜೊತೆ ಕುಳಿತು ಬಿತ್ತನೆಯ ಕಾಲವನ್ನು ಚರ್ಚಿಸಿದವರು. ಕಡಲನ್ನೂ ಹೊಲವನ್ನೂ ಒಟ್ಟಿಗೆ ಓದುವ ಆ ಪದ್ಧತಿಯೇ ಈ ವಿಚಾರ ಸಂಕಿರಣಕ್ಕೆ ಮೇಲ್ಪಂಕ್ತಿಯಾಗಲಿ ಎಂಬುದು ನನ್ನ ಆಶಯ.

ದೂರದ ಪೆಸಿಫಿಕ್ ಸಾಗರದ ಮೈ ಬಿಸಿಯೇರುವ ಎಲ್‌ ನಿನೊ ನಮ್ಮ ಮುಂಗಾರನ್ನು ಕುಂದಿಸುವುದುಂಟು. ಆದರೆ 1997ರಲ್ಲಿ ಅದು ಪ್ರಬಲವಾಗಿದ್ದೂ ದೇಶಕ್ಕೆ ಬರ ಬರಲಿಲ್ಲ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ ಪೂರ್ವ ಭಾಗ ತಣ್ಣಗಾದದ್ದು ಅದಕ್ಕೊಂದು ಕಾರಣವೆಂದು ಹೇಳುತ್ತಾರೆ. ಈ ಏರುಪೇರಿಗೆ ದ್ವಿಧ್ರುವವೆಂದು ಹೆಸರಿಟ್ಟ 1999ರ ಪ್ರಬಂಧದ ನಾಲ್ವರು ಲೇಖಕರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ವಿನಯಚಂದ್ರನ್ ಅವರೂ ಇದ್ದಾರೆ. ಹಳೆಯ ಅಳತೆಗಳನ್ನು ಯಾರೋ ಜೋಪಾನ ಮಾಡಿಟ್ಟಿದ್ದರಿಂದ ಈ ದ್ವಿಧ್ರುವ ಕಾಣಿಸಿತು. ಇಂದು ಅಳೆಯದ ಕಡಲನ್ನು ನಾಳೆ ಎಷ್ಟು ಹಣ ಸುರಿದರೂ ಅಳೆಯಲಾಗದು. ಅನುದಾನಕ್ಕೆ ಕತ್ತರಿ ಹಾಕುವವರು ಇದನ್ನು ಅರಿಯಬೇಕು.

ವಿದ್ಯಾರ್ಥಿಗಳೆ, ಆರ್ಗೋ ದತ್ತಾಂಶ ಯಾರಿಗೂ ಮುಚ್ಚಿಲ್ಲ. ಸುರಪುರದ ಕಾಲೇಜಿನಲ್ಲಿ ಕುಳಿತೇ ಅದನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಪಂಚಾಯಿತಿಯಲ್ಲೂ ಇವೆ. ಇವೆರಡರ ನಡುವೆ ಒಂದು ಕೊಂಡಿ ಸೇರಿಸುವುದು ಉಳಿದಿದೆ: ಯಾವ ನಕ್ಷತ್ರದ ಮಳೆಗೆ ಹೆಸರು ಬಿತ್ತಿದರು, ತೊಗರಿ ಯಾವಾಗ ಹೂಬಿಟ್ಟಿತು, ಹತ್ತಿ ಬಿಡಿಸುವಾಗ ಮಳೆ ಹಿಡಿಯಿತೇ ಎಂಬ ಊರಿನ ಲೆಕ್ಕ. ಅದು ಇಲ್ಲಿ ಕುಳಿತಿರುವ ಹಿರಿಯ ರೈತರ ನೆನಪಿನಲ್ಲಿದೆ, ಕೆಲವರ ಮನೆಯ ಹಳೆಯ ಪಂಚಾಂಗದ ಅಂಚಿನಲ್ಲಿ ಬರೆದೂ ಇದೆ. ಮಧ್ಯಾಹ್ನದ ಗೋಷ್ಠಿಗಳಿಗೆ ಹೋಗುವ ಮೊದಲು ಅವರ ಪಕ್ಕದಲ್ಲಿ ಕುಳಿತು, ಊರು, ವರ್ಷ, ಮಳೆಯ ಹೆಸರು ಸಹಿತ ಅದನ್ನು ಬರೆದುಕೊಳ್ಳಲು ಶುರುಮಾಡಿ.