ಎರಡನೆಯ ಕಂತು ಯಾರದು?

ಇಂದು ಪದವಿ ಪಡೆಯುತ್ತಿರುವ ನಿಮ್ಮನ್ನೂ, ಈ ದಿನದ ನಿಜವಾದ ಖರ್ಚು ಹೊತ್ತು ಹಿಂದಿನ ಸಾಲುಗಳಲ್ಲಿ ಕೂತಿರುವ ನಿಮ್ಮ ತಂದೆತಾಯಂದಿರನ್ನೂ ನನಗಿಂತ ಚೆನ್ನಾಗಿ ಅಭಿನಂದಿಸಬಲ್ಲವರು ಈ ವೇದಿಕೆಯ ಮೇಲೆ ಇನ್ನೂ ಮೂವರಿದ್ದಾರೆ. ಅವರ ಪಾಲಿನ ಮಾತು ಅವರಿಗೇ ಬಿಟ್ಟು, ನನಗೆ ಕೊಟ್ಟ ಸಮಯವನ್ನು ಹಣದ ವಿಷಯಕ್ಕೆ ಇಟ್ಟುಕೊಳ್ಳುತ್ತೇನೆ. ಪ್ರಯೋಗಾಲಯದಲ್ಲಿ ಹುಟ್ಟಿದ ಒಂದು ವಿಚಾರ ಕಂಪನಿಯಾಗಿ ನಿಲ್ಲುವ ಮೊದಲು ಬೇಕಾಗುವ ಹಣ, ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸುವ ಹಣ, ಅದರ ಬಗ್ಗೆ.

ಮಾರತ್ತಹಳ್ಳಿ ಸೇತುವೆಯ ಮೇಲೆ ಒಮ್ಮೆ ನಿಂತು ನೋಡಿ. ಟ್ರಾಫಿಕ್ ದಯೆಯಿಂದ ಹೇಗೂ ನಿಲ್ಲಬೇಕಾಗುತ್ತದೆ. ಪಶ್ಚಿಮಕ್ಕೆ ಹಳೇ ವಿಮಾನ ನಿಲ್ದಾಣ ರಸ್ತೆ: ಎಚ್‌ಎಎಲ್, ಇಸ್ರೋದ ಉಪಗ್ರಹ ಕೇಂದ್ರ, ಎನ್‌ಎಎಲ್. ದಕ್ಷಿಣಕ್ಕೆ ಹೊರವರ್ತುಲ ರಸ್ತೆಯ ಗಾಜಿನ ಟೆಕ್ ಪಾರ್ಕ್‌ಗಳು. ಒಂದು ಕಡೆ ದಶಕಗಳ ಸರ್ಕಾರಿ ಸಂಶೋಧನೆ, ಇನ್ನೊಂದು ಕಡೆ ದೇಶದಲ್ಲೇ ಹೆಚ್ಚು ವೆಂಚರ್ ಬಂಡವಾಳ ಕಂಡ ಊರು. ನಡುವೆ ಇರುವುದು ಕೆಲವೇ ಕಿಲೋಮೀಟರು. ಆದರೂ ಆ ಕಡೆಯ ವಿದ್ಯೆ ಈ ಕಡೆಯ ಹಣವನ್ನು ಮುಟ್ಟುವುದು ಅಪರೂಪ. ಮಾರತ್ತಹಳ್ಳಿಗೆ ಆ ಹೆಸರು ಬಂದದ್ದು ಎಚ್‌ಎಎಲ್ ಕಟ್ಟಿದ ಮಾರುತ್ ವಿಮಾನದಿಂದ ಎನ್ನುವವರಿದ್ದಾರೆ, ಊರು ವಿಮಾನಕ್ಕಿಂತ ಹಳೆಯದು ಎಂದು ಜಗಳಕ್ಕೆ ಬರುವವರೂ ಇದ್ದಾರೆ. ಹೆಸರಿನ ಮಾತು ಹಾಗಿರಲಿ, ವಿಮಾನದ ಕತೆ ನನಗೆ ಬೇಕು. ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ವಿನ್ಯಾಸಗೊಂಡ ಅದು 1961ರ ಜೂನ್‌ನಲ್ಲಿ ಇಲ್ಲೇ ಮೊದಲು ಹಾರಿತು. ಒಡಲು ಶಬ್ದದ ವೇಗ ಮೀರಲು ತಯಾರಾಗಿತ್ತು. ಅದಕ್ಕೆ ತಕ್ಕ ಎಂಜಿನ್ ಬ್ರಿಟನ್ನಿನಲ್ಲಿ ಅರ್ಧ ಬೆಳೆದು ನಿಂತಿತ್ತು, ಉಳಿದರ್ಧದ ಖರ್ಚು ಹೊರಲು ನಾವು ಒಪ್ಪಲಿಲ್ಲ. ಕಡಿಮೆ ಬಲದ ಎಂಜಿನ್ನನ್ನೇ ಹೊತ್ತು 147 ಮಾರುತ್‌ಗಳು ಹೊರಬಂದವು. ಒಂದು ಹಂತದವರೆಗೆ ಧಾರಾಳವಾಗಿ ಕೊಟ್ಟು, ಅಸಲಿ ಹಂತದಲ್ಲಿ ಕೈ ಹಿಂದೆಗೆಯುವುದು ನಮ್ಮ ಹಳೆಯ ಚಾಳಿ.

ಆದರೆ ಅದಕ್ಕೂ ಮೊದಲು, ಇದೇ ಬೆಂಗಳೂರಿನಲ್ಲಿ ಬೇರೆಯೇ ಒಂದು ಚಾಳಿ ಇತ್ತು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಗಡಿಯಾರ ನೋಡುವವರು ಕ್ಷಮಿಸಬೇಕು. 1914ರವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧ ಹರಾಜಾಗಿ ಹಡಗು ಹತ್ತಿ ಹೋಗುತ್ತಿತ್ತು, ಬಹುಪಾಲು ಜರ್ಮನಿಗೆ. ಎಣ್ಣೆ ಇಳಿಸುವ ವಿದ್ಯೆ ಅವರದು, ಕೊರಡು ನಮ್ಮದು. ಮಹಾಯುದ್ಧ ಶುರುವಾದದ್ದೇ ತಡ ಕೊಳ್ಳುವವರಿಲ್ಲದೆ ಕೊರಡಿನ ರಾಶಿ ಬಿತ್ತು. ಆಗ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಇನ್ನೂ ಐದಾರು ವರ್ಷ. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಬಟ್ಟಿ ಇಳಿಸುವ ಪ್ರಯೋಗ ನಡೆಸಿದರು. ಪ್ರಯೋಗ ಗೆದ್ದಿತು. ಇಂದಾಗಿದ್ದರೆ ಒಂದು ಪ್ರಬಂಧ, ಒಂದು ಪತ್ರಿಕಾ ಪ್ರಕಟಣೆ, ಒಂದು ಶಾಲು, ಅಲ್ಲಿಗೆ ಮುಗಿಯುತ್ತಿತ್ತು. ಅಂದು ಹಾಗಾಗಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಂಸ್ಥಾನ, ದಿವಾನ್ ವಿಶ್ವೇಶ್ವರಯ್ಯನವರ ಆಡಳಿತ, ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಸೇರಿ ಪ್ರಯೋಗಶಾಲೆಯ ಬಟ್ಟಿಯನ್ನು ಕಾರ್ಖಾನೆಯ ಬಟ್ಟಿಯಾಗಿ ಬೆಳೆಸಿದರು. 1916ರಲ್ಲಿ ಎಣ್ಣೆ ತಯಾರಿಕೆ ಶುರುವಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಎಣ್ಣೆಯಿಂದ ಸಾಬೂನು ಮಾಡಬಹುದೆಂದಾಗ ಸೋಸಲೆ ಗರಳಪುರಿ ಶಾಸ್ತ್ರಿಯವರನ್ನು ಸರ್ಕಾರ ತನ್ನ ಖರ್ಚಿನಲ್ಲಿ ಇಂಗ್ಲೆಂಡಿಗೆ ಕಳಿಸಿ ಸಾಬೂನಿನ ತಂತ್ರಜ್ಞಾನ ಕಲಿಸಿತು. ಮೈಸೂರು ಸ್ಯಾಂಡಲ್ ಸೋಪು ಇವತ್ತೂ ನಿಮ್ಮ ಬಚ್ಚಲುಮನೆಯಲ್ಲಿದೆ.

ಇಲ್ಲಿ ಹಣ ಯಾವ ಕ್ರಮದಲ್ಲಿ ಹರಿಯಿತು ಎಂಬುದನ್ನು ಗಮನಿಸಿ. ಪ್ರಯೋಗಕ್ಕೆ ಹಣ, ಪ್ರಯೋಗ ಗೆದ್ದ ಮೇಲೆ ದೊಡ್ಡ ಬಟ್ಟಿಗೆ ಹಣ, ಕಚ್ಚಾವಸ್ತು ಸರ್ಕಾರದ್ದೇ, ಕಲಿಯಬೇಕಾದವನಿಗೆ ಹಣ. ಎಲ್ಲಕ್ಕಿಂತ ಮುಖ್ಯ, ಎರಡು ಹಂತಗಳ ನಡುವೆ ಹೊಸ ಅರ್ಜಿ, ಹೊಸ ಸಮಿತಿ, ಒಂದೂವರೆ ವರ್ಷದ ಕಾಯುವಿಕೆ ಇರಲಿಲ್ಲ. ಹೋಲಿಕೆ ಸರಿಯಲ್ಲ ಎಂದು ನೀವು ಹೇಳಬಹುದು. ಶ್ರೀಗಂಧ ಟಿಪ್ಪುವಿನ ಕಾಲದಿಂದಲೂ ಅರಸೊತ್ತಿಗೆಯ ಮರ, ಮಾಲು ಸರ್ಕಾರದ್ದು, ಎಣ್ಣೆಗೆ ಹೊರದೇಶದಲ್ಲಿ ಔಷಧಿಯವರೂ ಸುಗಂಧದವರೂ ಕಾಯುತ್ತಿದ್ದರು. ನಿಜ, ಒಪ್ಪುತ್ತೇನೆ. ನನ್ನ ವಾದವೂ ಅಲ್ಲೇ ಇದೆ: ಸಂಶೋಧನೆ ಉದ್ಯಮವಾಗಲು ಮೊದಲ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಕಳೆದುಕೊಳ್ಳಲು ಸಿದ್ಧವಾದ ಎರಡನೆಯ ಹಣ ಮತ್ತು ಕಾಯುತ್ತಿರುವ ಒಬ್ಬ ಗಿರಾಕಿ.

ಗಿರಾಕಿಯ ಮಾತಿಗೆ ನಮ್ಮ ಕಾಲದ್ದೇ ಸಾಕ್ಷಿ ಇದೆ. ಅದೇ ವಿಜ್ಞಾನ ಸಂಸ್ಥೆಯ ನಾಲ್ವರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್, ಹೆಚ್ಚುಕಮ್ಮಿ ಒಂದೇ ಹೊತ್ತಿನಲ್ಲಿ ಎರಡು ಸಾಹಸಕ್ಕೆ ಕೈ ಹಾಕಿದರು. ಒಂದು ಸಿಂಪ್ಯೂಟರ್: ಎನ್‌ಕೋರ್ ಸಾಫ್ಟ್‌ವೇರ್‌ನವರ ಜೊತೆ ಸೇರಿ ರೂಪಿಸಿದ, ಸಾಮಾನ್ಯರ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್. ಅದನ್ನು 2004ರಲ್ಲಿ ಬಿಇಎಲ್ ತಯಾರಿಸಿ ‘ಅಮಿಡಾ’ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಅಲುಗಿಸಿದರೆ ಗುರುತಿಸುವ ಸಂವೇದಕ ಅದರಲ್ಲಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಜಗತ್ತೆಲ್ಲ ಹೊಗಳಿತು. ಕೊಂಡವರು ಮಾತ್ರ ಕೆಲವೇ ಸಾವಿರ. ಹಳ್ಳಿಗಾಗಿ ಮಾಡಿದ ಸಾಧನವನ್ನು ಹಳ್ಳಿಗಾಗಿ ಕೊಳ್ಳಬೇಕಾದ ಇಲಾಖೆಗಳು ದೊಡ್ಡ ಪ್ರಮಾಣದಲ್ಲಿ ಕೊಳ್ಳಲೇ ಇಲ್ಲ. ಇನ್ನೊಂದು, 2000ದಲ್ಲಿ ಶುರುವಾದ ಸ್ಟ್ರಾಂಡ್ ಜಿನೋಮಿಕ್ಸ್. ಜೀವವಿಜ್ಞಾನದ ದತ್ತಾಂಶ ಬಿಡಿಸುವ ಸಾಫ್ಟ್‌ವೇರ್ ಅದರದು. ಹೊರದೇಶದ ಔಷಧ ಕಂಪನಿಗಳು, ಉಪಕರಣ ಕಂಪನಿಗಳು ಕೊಂಡವು. ಹೆಸರು ಬದಲಿಸಿಕೊಂಡು, ದಾರಿ ಬದಲಿಸಿಕೊಂಡು ಉಳಿಯಿತು. 2021ರಲ್ಲಿ ರಿಲಯನ್ಸ್ ಸಮೂಹ 393 ಕೋಟಿ ರೂಪಾಯಿಗೆ ಅದರ ಷೇರುಗಳನ್ನು ಕೊಂಡಿತು. ಅದೇ ತಲೆಗಳು, ಅದೇ ಸಂಸ್ಥೆ, ಅದೇ ಕಾಲ. ಬೆಲೆ, ಪ್ರಚಾರ, ಮೊಬೈಲ್ ಫೋನಿನ ಪೈಪೋಟಿ ಎಂದು ಬೇರೆ ಕಾರಣಗಳನ್ನೂ ಹೇಳಬಹುದು. ಆದರೆ ಬರೆದಿಟ್ಟ ಖರೀದಿ ಆದೇಶ ಒಂದಕ್ಕಿತ್ತು, ಇನ್ನೊಂದಕ್ಕೆ ಚಪ್ಪಾಳೆಯಷ್ಟೇ ಸಿಕ್ಕಿತು ಎಂಬುದನ್ನು ಬದಿಗಿಟ್ಟು ಈ ಕತೆ ಹೇಳಲು ಬಾರದು.

ಈಗ ಹಣವೇ ಇಲ್ಲ ಎಂದು ದೂರುವ ಹಾಗಿಲ್ಲ. ಕೇಂದ್ರದ ನಿಧಿ-ಪ್ರಯಾಸ್‌ನಲ್ಲಿ ಮಾದರಿ ಮಾಡಲು 10 ಲಕ್ಷದವರೆಗೆ ಇದೆ. 2021ರ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಅನುದಾನವಾಗಿ 20 ಲಕ್ಷದವರೆಗೆ. ಕೇಂದ್ರದ ಜೈವಿಕ ತಂತ್ರಜ್ಞಾನ ಸಂಸ್ಥೆ ಬೈರಾಕ್‌ನ ಬಿಗ್ ಯೋಜನೆಯಲ್ಲಿ 18 ತಿಂಗಳಿಗೆ 50 ಲಕ್ಷದವರೆಗೆ. ನಮ್ಮ ರಾಜ್ಯದ ಎಲಿವೇಟ್‌ನಲ್ಲೂ 50 ಲಕ್ಷದವರೆಗೆ. ಜೀವವಿಜ್ಞಾನದವರಿಗೆ ಎಲೆಕ್ಟ್ರಾನಿಕ್ ಸಿಟಿಯ ಬಯೋಇನ್ನೊವೇಷನ್ ಸೆಂಟರ್, ಜಿಕೆವಿಕೆ ಆವರಣದ ಸಿ-ಕ್ಯಾಂಪ್ ಎಂಬ ನವೋದ್ಯಮ ಪೋಷಣಾ ಕೇಂದ್ರಗಳಿವೆ. ಇನ್ನೊಂದು ತುದಿಯಲ್ಲಿ 2025ರಲ್ಲಿ ಕೇಂದ್ರ ಸಂಪುಟ ಒಪ್ಪಿದ 1 ಲಕ್ಷ ಕೋಟಿಯ ಸಂಶೋಧನೆ-ಅಭಿವೃದ್ಧಿ ನಿಧಿ. ಆದರೆ ಅದು ಕಡಿಮೆ ಬಡ್ಡಿಯ ಸಾಲ ಮತ್ತು ಷೇರು ಬಂಡವಾಳ, ಅನುದಾನಕ್ಕೆ ಅಲ್ಲಿ ಜಾಗವಿಲ್ಲ. ಚಿಪ್ ವಿನ್ಯಾಸದವರಿಗೆ 15 ಕೋಟಿಯವರೆಗೆ ಸಹಾಯಧನ ಇದೆ, ಅದೂ ಖರ್ಚು ಮಾಡಿದ ಮೇಲೆ ಅರ್ಧ ಮರಳಿಸುವ ಲೆಕ್ಕ. ಮೊದಲು ಖರ್ಚು ಮಾಡಲು ಹಣವಿದ್ದವನಿಗೆ ಅದು ವರ, ಇಲ್ಲದವನಿಗೆ ಸುತ್ತೋಲೆ. ಪಂಕ್ತಿಯಲ್ಲಿ ಎಲೆ ಹಾಕಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿ ಆಗಿದೆ. ಕೊನೆಯಲ್ಲಿ ಪಾಯಸವೂ ಇದೆಯಂತೆ. ಅನ್ನದ ತಪ್ಪಲೆ ಹೊತ್ತವನು ಮಾತ್ರ ಕಾಣಿಸುತ್ತಿಲ್ಲ.

ಅನ್ನ ಎಂದರೇನು? ರಕ್ತ ಪರೀಕ್ಷೆಯ ಒಂದು ಸಾಧನ ಎನ್ನಿ. ಪ್ರಯೋಗಾಲಯದ ಮೇಜಿನ ಮೇಲೆ ಅದು ಕೆಲಸ ಮಾಡಲು 50 ಲಕ್ಷ ಸಾಕಾಗಬಹುದು. ಅಲ್ಲಿಂದ ಮುಂದೆ ಐಎಸ್‌ಒ 13485 ಗುಣಮಟ್ಟ ವ್ಯವಸ್ಥೆ, ಆಸ್ಪತ್ರೆಗಳಲ್ಲಿ ರೋಗಿಗಳ ಮೇಲೆ ಪರೀಕ್ಷೆ, 2017ರ ವೈದ್ಯಕೀಯ ಸಾಧನ ನಿಯಮಗಳಡಿ ಪರವಾನಗಿ, ಮತ್ತು ಒಂದಲ್ಲ, ಒಂದೇ ತೆರನಾಗಿ ನಡೆಯುವ ನೂರು ಸಾಧನ. ಪೀಣ್ಯದ ವರ್ಕ್‌ಶಾಪಿನವರನ್ನು ಕೇಳಿ: ಹತ್ತು ಸಾವಿರ ಬಿಡಿಭಾಗಕ್ಕೆ ದರ ಹೇಳುತ್ತಾರೆ, ಹತ್ತು ಎಂದರೆ ಟೀ ಕೊಟ್ಟು ಕಳಿಸುತ್ತಾರೆ. ಅವರ ತಪ್ಪಲ್ಲ, ಡೈ ಮಾಡುವ ಖರ್ಚು ಹತ್ತಕ್ಕೂ ಅಷ್ಟೇ, ಹತ್ತು ಸಾವಿರಕ್ಕೂ ಅಷ್ಟೇ. ‘ಸೀಡ್ ಫಂಡ್’ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ. ಬೀಜಕ್ಕೆ ಎಷ್ಟು, ಕಳೆ, ಗೊಬ್ಬರ, ನೀರು, ಕಾವಲಿಗೆ ಎಷ್ಟು ಎಂದು ಯಾವ ರೈತನಾದರೂ ಹೇಳಿಯಾನು.

ಖಾಸಗಿ ಹೂಡಿಕೆದಾರರು ಏಕೆ ಬರುವುದಿಲ್ಲ ಎಂಬುದು ಸಹಜ ಪ್ರಶ್ನೆ. ಸರಕು ಒಳ್ಳೆಯದಾದರೆ ಬಂಡವಾಳ ತಾನಾಗಿ ಹುಡುಕಿಕೊಂಡು ಬರುತ್ತದೆ ಎಂದು ಮಾರತ್ತಹಳ್ಳಿ ಸೇತುವೆಯ ಎರಡೂ ಬದಿಯಲ್ಲಿ ನಂಬುವವರಿದ್ದಾರೆ. ಆದರೆ ವೆಂಚರ್ ನಿಧಿಯೊಂದರ ಆಯಸ್ಸು ಸುಮಾರು ಹತ್ತು ವರ್ಷ, ಅಷ್ಟರಲ್ಲಿ ಹಾಕಿದವರಿಗೆ ಹಣ ಮರಳಿಸಬೇಕು. ಮೂರು ವರ್ಷದಲ್ಲಿ ಫಲ ಕಾಣುವ ಆ್ಯಪ್ ಎದುರಿಗಿರುವಾಗ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಡುವ ಹೊಸ ಪ್ರತಿಜೀವಕಕ್ಕೆ ಅವರು ಕೊಡದಿದ್ದರೆ ಅದು ದುಷ್ಟತನವಲ್ಲ, ಲೆಕ್ಕ. ಹಾಗಾದರೆ ತೆರಿಗೆದಾರರ ಹಣದಿಂದ ಪ್ರೊಫೆಸರರೂ ಅವರ ಶಿಷ್ಯರೂ ಕೋಟ್ಯಧಿಪತಿಗಳಾಗಬೇಕೇ ಎಂಬುದು ಮರುಪ್ರಶ್ನೆ. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಅಮೆರಿಕವು 1980ರ ಬೈ-ಡೋಲ್ ಕಾಯ್ದೆಯಲ್ಲಿ ಸರ್ಕಾರಿ ಹಣದ ಸಂಶೋಧನೆಯ ಹಕ್ಕನ್ನು ವಿಶ್ವವಿದ್ಯಾಲಯಗಳು ಇಟ್ಟುಕೊಳ್ಳಬಹುದು ಎಂದಿತು. ಗೂಗಲ್‌ನ ಮೂಲ ಪೇಟೆಂಟ್ ಸ್ಟ್ಯಾನ್‌ಫರ್ಡ್‌ನದು. ಪ್ರತಿಯಾಗಿ ಸಿಕ್ಕ ಷೇರುಗಳಿಂದ ಆ ವಿಶ್ವವಿದ್ಯಾಲಯಕ್ಕೆ ಬಂದದ್ದು 33.6 ಕೋಟಿ ಡಾಲರ್. ನಾವು 2008ರಲ್ಲಿ ಅಂಥದ್ದೇ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿ, ವರ್ಷಗಟ್ಟಲೆ ಜಗ್ಗಾಡಿ, ಕೊನೆಗೆ ಹಿಂದಕ್ಕೆ ತೆಗೆದುಕೊಂಡೆವು. ಆ ಮಸೂದೆಯಲ್ಲಿ ದೋಷಗಳಿದ್ದವು, ಬಿದ್ದದ್ದಕ್ಕೆ ನನಗೆ ಅಳುವೇನಿಲ್ಲ. ಆದರೆ ಪಾಲು ಸರ್ಕಾರಕ್ಕೂ ಸಂಸ್ಥೆಗೂ ಬರಲಿ ಎಂದು ಬರೆದುಕೊಳ್ಳುವುದು ಸಾಧ್ಯವಿರುವಾಗ, ಕೊಡುವುದನ್ನೇ ನಿಲ್ಲಿಸುವುದು ಯಾವ ನ್ಯಾಯ? ನಿಜವಾದ ಅಡ್ಡಿ ಭಯದ್ದು. ಹತ್ತರಲ್ಲಿ ಏಳು ಸೋಲುವ ಕಡೆ ಹಣ ಕೊಟ್ಟ ಅಧಿಕಾರಿಯನ್ನು ಆಡಿಟ್‌ನವರು ಏಳರ ಬಗ್ಗೆ ಕೇಳುತ್ತಾರೆ, ಮೂರರ ಬಗ್ಗೆ ಕೇಳುವುದಿಲ್ಲ. ಅನುದಾನದ ಅರ್ಜಿ ಓದುವುದೇ ವೃತ್ತಿಯಾದ ನಮ್ಮಂಥವರೂ ಆ ಭಯಕ್ಕೆ ಹೊರತಲ್ಲ. ಸೋಲದ ಯೋಜನೆಗಳನ್ನೇ ಆರಿಸಿ, ಆಮೇಲೆ ಹೊಸತೇನೂ ಹುಟ್ಟಲಿಲ್ಲ ಎಂದು ಭಾಷಣ ಮಾಡುತ್ತೇವೆ.

ಗಿರಾಕಿಯ ವಿಷಯದಲ್ಲಿ ಬಾಗಿಲು ಅರ್ಧ ತೆರೆದಿದೆ. ಹಿಂದಿನ ಅನುಭವ, ವಹಿವಾಟು ಎಂಬ ಷರತ್ತುಗಳನ್ನು ನವೋದ್ಯಮಗಳಿಗೆ ಸಡಿಲಿಸಲು 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಅವಕಾಶವಿದೆ. ಆದರೆ ಟೆಂಡರ್ ತೆರೆದಾಗ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ, ಅದೇ ದೇವರು. ಮೊದಲ ನೂರು ಸಾಧನದ ಬೆಲೆ ಎಂದೂ ಕಡಿಮೆ ಇರುವುದಿಲ್ಲ. ರಾಜ್ಯದ ಒಂದೊಂದು ಇಲಾಖೆಯೂ ವರ್ಷಕ್ಕೆ ಒಂದು ಹೊಸ ಸಾಧನವನ್ನು, ಕೆಡಬಹುದು ಎಂದು ಗೊತ್ತಿದ್ದೇ ಕೊಳ್ಳಲಿ. ಇದು ನನ್ನ ಹಳೆಯ ಹುಚ್ಚು, ಹೋದಲ್ಲೆಲ್ಲ ಹೇಳುತ್ತೇನೆ, ಕೇಳಿದವರು ತಲೆಯಾಡಿಸಿ ಊಟಕ್ಕೆ ಹೋಗುತ್ತಾರೆ.

ನಿಮ್ಮನ್ನೂ ಬಿಡುವುದಿಲ್ಲ. ಕಂಪನಿ ನೋಂದಾಯಿಸುವ ಮೊದಲೇ ಹೆಸರಿನ ಮುಂದೆ ‘ಫೌಂಡರ್’ ಎಂದು ಹಾಕಿಕೊಳ್ಳುವವರನ್ನು ಕಂಡರೆ ನನಗೆ ತಾಳ್ಮೆ ಕಡಿಮೆ. ಇಪ್ಪತ್ತು ಪುಟದ ಪಿಚ್ ಡೆಕ್‌ನಲ್ಲಿ ಮಾರುಕಟ್ಟೆಯ ಗಾತ್ರ ಶತಕೋಟಿ ಡಾಲರುಗಳಲ್ಲಿರುತ್ತದೆ, ಸಾಧನ ಎಷ್ಟು ಸಲ ಕೆಟ್ಟಿತು ಎಂಬ ಒಂದು ಸಾಲು ಇರುವುದಿಲ್ಲ. ಕೆಟ್ಟದ್ದನ್ನು ಬರೆಯಿರಿ, ಪುಟಕ್ಕೆ ಸಂಖ್ಯೆ ಹಾಕಿದ ನೋಟ್‌ಬುಕ್ಕಿನಲ್ಲಿ, ಶಾಯಿಯಲ್ಲಿ, ದಿನಾಂಕ ಸಮೇತ. ಪ್ರಾಜೆಕ್ಟ್ ಪ್ರದರ್ಶನದಲ್ಲಿ ಇಡುವ ಮೊದಲು, ಪ್ರಬಂಧ ಓದುವ ಮೊದಲು ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿ. ಪೂರ್ಣ ಅರ್ಜಿಗೆ ಆಮೇಲೆ ಹನ್ನೆರಡು ತಿಂಗಳು ಸಿಗುತ್ತದೆ. ಮೊದಲು ತೋರಿಸಿ ಆಮೇಲೆ ಓಡಿದರೆ ಹಕ್ಕೇ ಹೋಗಬಹುದು. ಅನುದಾನ ಕಂತಿನಲ್ಲಿ ಬರುತ್ತದೆ, ಯುಟಿಲೈಸೇಷನ್ ಸರ್ಟಿಫಿಕೇಟ್ ಕೊಡದೆ ಮುಂದಿನದು ಬರುವುದಿಲ್ಲ. ಹಾಗಾಗಿ ನಿಮ್ಮ ಮೊದಲ ನೌಕರ ಮಾರ್ಕೆಟಿಂಗ್‌ನವನಾಗದೆ ಬಿಲ್ಲು, ಜಿಎಸ್‌ಟಿ, ಟೆಂಡರು ಬಲ್ಲ ಮಧ್ಯವಯಸ್ಸಿನವರೊಬ್ಬರಾಗಲಿ. ಸ್ನೇಹಿತರ ನಡುವೆ ಷೇರು ಹಂಚುವುದನ್ನು ಹೋಟೆಲಿನ ಟಿಶ್ಯೂ ಮೇಲೆ ಮುಗಿಸಬೇಡಿ. ತಂದೆತಾಯಂದಿರಿಗೊಂದು ಬಿನ್ನಹ: ಮಕ್ಕಳಿಗೆ ಎರಡು ವರ್ಷದ ಊಟ, ವಸತಿ ಕೊಡಿ, ಮನೆಯ ಪತ್ರ ಕೊಡಬೇಡಿ. ಮುಳುಗುವ ಹಣ ಹಾಕಬೇಕಾದದ್ದು ಸರ್ಕಾರ, ನೀವಲ್ಲ.

ಕೊನೆಗೆ ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ಇಂದು ಸಂಜೆ ಈ ನಿಲುವಂಗಿಗಳನ್ನು ವಾಪಸ್ ತೆಗೆದುಕೊಳ್ಳುವಾಗ ಗುರುತಿನ ಚೀಟಿಯನ್ನೂ ತೆಗೆದುಕೊಳ್ಳುತ್ತೀರಿ. ಅದರೊಂದಿಗೆ ಪ್ರಯೋಗಾಲಯದ ಬಾಗಿಲೂ ಮುಚ್ಚುತ್ತದೆ. ನಿಜವಾಗಿ ಮುಂದುವರಿಸಬೇಕೆಂದಿರುವ ನಾಲ್ಕೈದು ಜನಕ್ಕೆ ಆ ಚೀಟಿಯನ್ನು ಇನ್ನೊಂದು ವರ್ಷ ಬಿಡಿ. ಆಸಿಲೋಸ್ಕೋಪು, ಲೇತು, ಶನಿವಾರದ ಮಧ್ಯಾಹ್ನ, ಕರೆಂಟು. ಇದಕ್ಕೆ ದೆಹಲಿಯ ಒಪ್ಪಿಗೆ ಬೇಡ, ಸಮಿತಿ ಬೇಡ, ನಿಮ್ಮ ಒಂದು ಸಹಿ ಸಾಕು. ಪೆನ್ನು ಬೇಕಾದರೆ ನನ್ನ ಹತ್ತಿರ ಇದೆ.