ನೆರವಿನಿಂದ ದುಡಿಮೆಯ ಕಡೆಗೆ: ಗ್ರಾಮ ಪಂಚಾಯಿತಿಯ ಕೈಯಲ್ಲಿರುವ ಅವಕಾಶ

(ಭಾರತೀನಗರದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಭಾರತೀನಗರದ ಸುತ್ತಲಿನ ಹಳ್ಳಿಗಳಲ್ಲಿ ಕೂಲಿಯ ಲೆಕ್ಕವನ್ನು ನಾಲೆಯ ನೀರೇ ನಿರ್ಧರಿಸುತ್ತದೆ. ನೀರು ಹರಿದರೆ ನಾಟಿ, ಕಳೆ, ಕಬ್ಬಿನ ಕಟಾವು ಒಂದರ ಹಿಂದೊಂದು ಬರುತ್ತವೆ. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವಷ್ಟು ದಿನ ಗಾಡಿಗೂ ಆಳಿಗೂ ಬಿಡುವಿರುವುದಿಲ್ಲ. ನೀರು ನಿಂತ ತಿಂಗಳುಗಳಲ್ಲಿ ಅದೇ ಕುಟುಂಬವು ಪಡಿತರದ ಅಕ್ಕಿ ಮತ್ತು ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ನೆಚ್ಚಿಕೊಳ್ಳುತ್ತದೆ. 2023ರ ಬರದಲ್ಲಿ ಇದು ಎಲ್ಲರ ಕಣ್ಣೆದುರೇ ನಡೆಯಿತು.

‘ನೆರವು ಬಂದ ಮೇಲೆ ಯಾರೂ ಕೂಲಿಗೆ ಬರುವುದಿಲ್ಲ’ ಎಂಬ ದೂರು ಗ್ರಾಮಸಭೆಗಳಲ್ಲಿ ಕೇಳಿಬರುವುದುಂಟು. ಲೆಕ್ಕದ ಮುಂದೆ ಆ ದೂರು ನಿಲ್ಲುವುದಿಲ್ಲ. 2024-25ನೇ ಸಾಲಿನಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಆರು ದಿನಗಳ ದುಡಿಮೆಯೇ ಗೃಹಲಕ್ಷ್ಮಿಯ ತಿಂಗಳ ಹಣವನ್ನು ಮೀರುತ್ತಿತ್ತು. ತಡೆ ಇರುವುದು ಬೇರೆಡೆ.

ಅಮೆರಿಕದ 1996ರ ಕಾನೂನು ಬಡ ಕುಟುಂಬಗಳ ನೆರವಿನ ಹಣವನ್ನು ಇಡಿಗಂಟಾಗಿ ರಾಜ್ಯಗಳಿಗೆ ವಹಿಸಿ, ಬಳಕೆಯಲ್ಲಿ ವಿಶಾಲ ಸ್ವಾತಂತ್ರ್ಯ ನೀಡಿತು. ಆ ಸ್ವಾತಂತ್ರ್ಯವನ್ನು ತಾಯಂದಿರಿಗೆ ಶಿಶುಪಾಲನೆ ಒದಗಿಸಲು ಬಳಸಬಹುದಿತ್ತು. ಫಲಾನುಭವಿಗಳ ಪಟ್ಟಿಯನ್ನು ಕುಗ್ಗಿಸಲೂ ಬಳಸಬಹುದಿತ್ತು. ಎರಡೂ ನಡೆದವು. ಕರ್ನಾಟಕಕ್ಕೆ ದೊರೆತಿರುವ ಸ್ವಾತಂತ್ರ್ಯ ಅಷ್ಟು ವಿಶಾಲವಲ್ಲ. 2005ರ ಕಾಯ್ದೆಯಡಿ ಬರದ ವರ್ಷದಲ್ಲಿ 100 ದಿನಗಳ ಮೇಲೆ 50 ದಿನ ಹೆಚ್ಚುವರಿ ಕೆಲಸ ಕೊಡಲು ಕೇಂದ್ರದ ಒಪ್ಪಿಗೆ ಬೇಕಿತ್ತು. ಆದರೂ ಇರುವ ಅವಕಾಶ ಸಣ್ಣದಲ್ಲ.

ಕೂಸಿನ ಮನೆಯನ್ನೇ ನೋಡಬಹುದು. ಕಾಮಗಾರಿ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಕೂಲಿ ಕೊಡಬೇಕೆಂದು 2005ರ ಕಾಯ್ದೆ ಹೇಳಿತ್ತು. ವಾಸ್ತವದಲ್ಲಿ ಆ ಮಕ್ಕಳಿಗೆ ಸಿಗುತ್ತಿದ್ದುದು ಬಹುಮಟ್ಟಿಗೆ ಮರದ ನೆರಳು, ಅದೂ ಮರವಿದ್ದ ಕಡೆ. ರಾಜ್ಯ ಸರ್ಕಾರವು 2023-24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆಯನ್ನು ಘೋಷಿಸಿ, ಈ ಹೊಣೆಯನ್ನು ಸೂರಿನಡಿಗೆ ತಂದಿತು. ತರಬೇತಿ ಪಡೆದ ಸ್ಥಳೀಯ ಮಹಿಳೆಯರೇ ಅಲ್ಲಿ ಆರೈಕೆದಾರರು. ಅವರಿಗೂ ಯೋಜನೆಯಡಿಯೇ ಕೂಲಿ. ಒಂದೇ ಏರ್ಪಾಡಿನಿಂದ ಇಬ್ಬರು ತಾಯಂದಿರಿಗೆ ದುಡಿಮೆ ಸಾಧ್ಯವಾಗುತ್ತದೆ. ಆದರೆ ಬೇಸಿಗೆಯಲ್ಲಿ ಕೂಲಿಗಾರರು ಬೆಳಕು ಹರಿಯುವ ಮುನ್ನವೇ ಹೊರಡುತ್ತಾರೆ. ಕೂಸಿನ ಮನೆಯ ಬಾಗಿಲು ಹತ್ತು ಗಂಟೆಗೆ ತೆರೆದರೆ ಗೋಡೆಯ ಮೇಲಿನ ಚಿತ್ರಗಳಷ್ಟೇ ಲಾಭ. ಬಾಗಿಲು ತೆರೆಯುವ ವೇಳೆಯನ್ನು ಕೆಲಸದ ವೇಳೆಗೆ ಹೊಂದಿಸುವುದು ಪಂಚಾಯಿತಿಯ ಕಣ್ಗಾವಲಿಗೆ ಸೇರಿದ ವಿಷಯ.

ಎರಡನೆಯ ತಡೆ ಕಾಗದದ್ದು. ಕೆಲಸ ಕೇಳಿದ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಸಲ್ಲಬೇಕು: ಮೊದಲ 30 ದಿನಗಳಿಗೆ ಕೂಲಿಯ ಕಾಲು ಭಾಗಕ್ಕೆ, ಅನಂತರ ಅರ್ಧಕ್ಕೆ ಕಡಿಮೆಯಿಲ್ಲದಂತೆ. 2005ರ ಕಾಯ್ದೆಯಲ್ಲಿ ಕೆಲಸ ಕೊಟ್ಟರೆ ಕೂಲಿಯ ಹಣ ಕೇಂದ್ರದ್ದಾಗಿತ್ತು, ಕೊಡದಿದ್ದರೆ ಭತ್ಯೆಯ ಹೊರೆ ರಾಜ್ಯದ್ದಾಗಿತ್ತು. ಕಾಯ್ದೆಯ ಈ ಜಾಣ್ಮೆಯೆಲ್ಲವೂ ನಮೂನೆ 6ರ ಸ್ವೀಕೃತಿಯ ಮೇಲಿನ ಒಂದು ದಿನಾಂಕವನ್ನು ಅವಲಂಬಿಸಿತ್ತು. ‘ಹೆಸರು ಬರೆದುಕೊಂಡಿದ್ದೇವೆ, ಹೋಗಿ’ ಎಂಬ ಬಾಯಿಮಾತಿನೊಡನೆ ಮನೆಗೆ ಮರಳುವ ಕುಟುಂಬಕ್ಕೆ ಕೆಲಸವೂ ಇಲ್ಲ, ಭತ್ಯೆಯೂ ಇಲ್ಲ. ದಿನಾಂಕಸಹಿತ ಸ್ವೀಕೃತಿಯನ್ನು ಕೇಳಿ ಪಡೆಯುವಂತೆ ನೋಡಿಕೊಳ್ಳುವುದರಲ್ಲಿ ಗ್ರಾಮ ಕಾಯಕ ಮಿತ್ರರಷ್ಟೇ ಪಾತ್ರ ವಾರ್ಡಿನ ಸದಸ್ಯರಿಗೂ ಇದೆ.

ಖಾತರಿಯ ದಿನಗಳು ಮುಗಿದ ಮೇಲೆ ಏನು ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ಗುಂಡಿ ತೋಡಿದ ಕೂಲಿ ತಿಂಗಳಲ್ಲಿ ಕರಗುತ್ತದೆ, ಕೊಟ್ಟಿಗೆ ಉಳಿಯುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಸಣ್ಣ ಹಾಗೂ ಅತಿ ಸಣ್ಣ ರೈತರು, ಮಹಿಳೆಯೇ ಯಜಮಾನಿಯಾಗಿರುವ ಕುಟುಂಬಗಳು ದನದ ಕೊಟ್ಟಿಗೆಯಂಥ ವೈಯಕ್ತಿಕ ಕಾಮಗಾರಿಗೆ ಅರ್ಹರು. ಜಿಲ್ಲಾ ಹಾಲು ಒಕ್ಕೂಟದ ಡೇರಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಇದೆ. ಕೊಟ್ಟಿಗೆಗೆ ಉದ್ಯೋಗ ಖಾತರಿ, ಹಸುವಿಗೆ ಸ್ವಸಹಾಯ ಸಂಘದ ಸಾಲ, ಹಾಲಿಗೆ ಊರಿನ ಸಹಕಾರ ಸಂಘ: ಈ ಮೂರೂ ಒಂದೇ ಮನೆಗೆ ಒದಗಿದಾಗ ನಾಲೆಯ ನೀರು ನಿಂತ ತಿಂಗಳಲ್ಲೂ ಬಟವಾಡೆ ಬರುತ್ತದೆ. ಮೂರೂ ಬೇರೆ ಬೇರೆ ಮನೆಗೆ ಹಂಚಿಹೋದರೆ, ಪಟ್ಟಿಯಲ್ಲಿ ಮೂವರು ಫಲಾನುಭವಿಗಳು ಕಾಣುತ್ತಾರೆ. ಹಸುವಿಲ್ಲದ ಕೊಟ್ಟಿಗೆಯಲ್ಲಿ ಸೌದೆ ತುಂಬಿರುತ್ತದೆ.

ಯಾವ ಕಾಮಗಾರಿ ಮೊದಲು ಎಂಬುದನ್ನು ಶಿಫಾರಸು ಮಾಡುವ ಅಧಿಕಾರವನ್ನು ಕಾಯ್ದೆಯು ಗ್ರಾಮಸಭೆಗೆ ನೀಡಿದೆ. ವಾರ್ಡ್ ಸಭೆಗೆ ಬರುವಾಗ ಸದಸ್ಯರು ರಸ್ತೆ, ಚರಂಡಿಗಳ ಬೇಡಿಕೆಯ ಜೊತೆಗೆ ತಮ್ಮ ವಾರ್ಡಿನಲ್ಲಿ ಕೂಸನ್ನು ಬಿಟ್ಟುಹೋಗಲಾಗದೆ ಮನೆಯಲ್ಲುಳಿದ ತಾಯಂದಿರ, ಕೆಲಸ ಕೇಳಿಯೂ ಸ್ವೀಕೃತಿ ಪಡೆಯದವರ, ಸಂಘದ ಸಾಲಕ್ಕೆ ಅರ್ಹರಿದ್ದೂ ಕೊಟ್ಟಿಗೆಯಿಲ್ಲದವರ ಹೆಸರುಗಳನ್ನು ಬರೆದು ತರತಕ್ಕದ್ದು.