ಗೆರೆ ತಪ್ಪಿದರೆ ಎಚ್ಚರಿಸುವ ಮೋಟಾರು

ಸಂತೆಯಿಂದ ಮರಳುವ ಗಾಡಿಯವನು ಮೂಕಿಯ ಮೇಲೆ ಕುಳಿತಲ್ಲಿಯೇ ತೂಕಡಿಸಿದರೂ ಎತ್ತುಗಳು ಗಾಡಿಯನ್ನು ಮನೆಯ ಬಾಗಿಲಿಗೆ ಮುಟ್ಟಿಸುತ್ತಿದ್ದುವು. ದಾರಿ ಅವಕ್ಕೆ ಗೊತ್ತಿತ್ತು. ಮೋಟಾರಿಗೆ ಆ ತಿಳಿವಳಿಕೆ ಇಲ್ಲ. ಚಾಲಕನ ರೆಪ್ಪೆ ಮುಚ್ಚಿದರೆ ಅದು ಹಿಡಿದ ದಿಕ್ಕಿಗೇ ಓಡುತ್ತದೆ.

ಎಷ್ಟು ಹೊತ್ತು ಓಡೀತು? ಲೆಕ್ಕ ಹಾಕಿ ನೋಡೋಣ. ನಮ್ಮ ಹೆದ್ದಾರಿಯಲ್ಲಿ ಲೇನು ಎಂದು ಕರೆಯುವ ಒಂದು ಪಟ್ಟಿಯ ಅಗಲ ಸಾಮಾನ್ಯವಾಗಿ 3.5 ಮೀಟರು. ಕಾರಿನ ಅಗಲ 1.8 ಮೀಟರು ಎನ್ನಿ. ನಟ್ಟನಡುವೆ ಹೋಗುತ್ತಿದ್ದರೆ ಒಂದೊಂದು ಪಕ್ಕದಲ್ಲಿ ಉಳಿಯುವುದು 85 ಸೆಂಟಿಮೀಟರು. ಗಂಟೆಗೆ 90 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 25 ಮೀಟರು. ಕಾರು ಒಂದೇ ಒಂದು ಡಿಗ್ರಿ ಓರೆಯಾದರೂ ಸೆಕೆಂಡಿಗೆ ಸುಮಾರು 44 ಸೆಂಟಿಮೀಟರು ಪಕ್ಕಕ್ಕೆ ಸರಿಯುತ್ತದೆ. ಎರಡು ಸೆಕೆಂಡು ತುಂಬುವುದರೊಳಗೆ ಗೆರೆ ಬಂದಿರುತ್ತದೆ. ಎದುರಿಗೆ ಲಾರಿ ಬರುತ್ತಿದ್ದರೆ ಆ ಎರಡು ಸೆಕೆಂಡೇ ಆಯುಸ್ಸು.

ಆ ಹೊತ್ತಿನಲ್ಲಿ ಭುಜ ಅಲುಗಿಸಿ ಎಬ್ಬಿಸುವ ಜೊತೆಗಾರನ ಕೆಲಸವನ್ನು 'ಲೇನ್ ಡಿಪಾರ್ಚರ್ ವಾರ್ನಿಂಗ್' ಎಂಬ ಯಂತ್ರ ಮಾಡುತ್ತದೆ. ಮುಂಗಾಜಿನ ಮೇಲ್ಗಡೆ, ಕನ್ನಡಿಯ ಬೆನ್ನಿಗೆ, ಒಂದು ಪುಟ್ಟ ಕ್ಯಾಮೆರಾ ಉಂಟು. ಕಪ್ಪು ಡಾಂಬರಿನಿಂದ ಬಿಳಿಯ ಬಣ್ಣಕ್ಕೆ ಬೆಳಕು ಥಟ್ಟನೆ ಏರುವ ಅಂಚನ್ನು ಅದರ ಗಣಕ ಹುಡುಕುತ್ತದೆ. ಅಂತಹ ಚುಕ್ಕೆಗಳನ್ನು ಪೋಣಿಸಿ ಎಡಬಲದ ಗೆರೆಗಳನ್ನು ತಾನೇ ಎಳೆದುಕೊಳ್ಳುತ್ತದೆ; ಗೆರೆ ತುಂಡುತುಂಡಾಗಿದ್ದರೆ ನಡುವಣ ಬಿಡುವನ್ನು ಊಹೆಯಿಂದ ತುಂಬುತ್ತದೆ. ಆಮೇಲೆ ಅದು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈಗಿನ ವೇಗ, ಈಗಿನ ಓರೆಯಲ್ಲಿ ಹೋದರೆ ಗೆರೆ ಮುಟ್ಟಲು ಇನ್ನೆಷ್ಟು ಹೊತ್ತು? ಉತ್ತರ ತೀರ ಚಿಕ್ಕದಾದರೆ ಗಂಟೆ ಬಾರಿಸುತ್ತದೆ, ಇಲ್ಲವೆ ಸ್ಟಿಯರಿಂಗ್ ಚಕ್ರವನ್ನು ನಡುಗಿಸುತ್ತದೆ. 2005ರ ಸುಮಾರಿನ ಸಿಟ್ರೊಯೆನ್ ಕಾರುಗಳಲ್ಲಿ ಕ್ಯಾಮೆರಾ ಬದಲು ಮುಂದಿನ ಬಂಪರಿನಡಿ ಅತಿಗೆಂಪು ಕಿರಣದ ಕಣ್ಣುಗಳಿದ್ದುವು; ಯಾವ ಪಕ್ಕಕ್ಕೆ ಸರಿದಿರೋ ಆ ಪಕ್ಕದಲ್ಲಿ ಆಸನವೇ ಕಂಪಿಸುತ್ತಿತ್ತು. ಇದು ನನಗೆ ಹಿಡಿಸಿದ ಉಪಾಯ, ಪಕ್ಕದಲ್ಲಿ ಮಲಗಿರುವವರ ನಿದ್ದೆ ಕೆಡದು.

ನೀವು ದೀಪ ತೋರಿಸಿ ಪಟ್ಟಿ ಬದಲಾಯಿಸಿದರೆ ಯಂತ್ರ ಸುಮ್ಮನಿರುತ್ತದೆ. ದೀಪ ತೋರಿಸುವ ಅಭ್ಯಾಸವೇ ಇಲ್ಲದವರನ್ನು ದಿನವಿಡೀ ಗದರುತ್ತದೆ. ಅವರು ಬೇಸತ್ತು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸುತ್ತಾರೆ.

ಯುರೋಪಿನಲ್ಲಿ 2000ದಲ್ಲಿ ಮರ್ಸಿಡಿಸ್ ಲಾರಿಗಳಿಗೆ, ಜಪಾನಿನಲ್ಲಿ 2001ರಲ್ಲಿ ನಿಸಾನ್ ಕಾರಿಗೆ ಇದು ಬಂತು. ಐರೋಪ್ಯ ಒಕ್ಕೂಟ 2015ರ ನವೆಂಬರಿನಿಂದ ಹೊಸ ಭಾರಿ ಲಾರಿ ಬಸ್ಸುಗಳಿಗೆಲ್ಲ ಸಾಮಾನ್ಯವಾಗಿ ಕಡ್ಡಾಯ ಮಾಡಿತು.

ಆದರೆ ಇದು ಕಾಣುವುದು ಬಣ್ಣವನ್ನು, ರಸ್ತೆಯನ್ನಲ್ಲ. ಮಳೆಯ ರಾತ್ರಿ ನೀರಿನ ಮೇಲೆ ಎದುರು ದೀಪ ಹೊಳೆದರೆ, ಗೆರೆ ಸವೆದಿದ್ದರೆ, ಅಂಚಿನ ಧೂಳು ಅದನ್ನು ಮುಚ್ಚಿದ್ದರೆ, ಯಂತ್ರ ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ. ಗೆರೆಯನ್ನೇ ಕಾಣದ ನಮ್ಮ ಹಳ್ಳಿಯ ದಾರಿಯಲ್ಲಂತೂ, ಎತ್ತುಗಳಿಗೆ ಗೊತ್ತಿದ್ದುದು ಅದಕ್ಕೆ ಗೊತ್ತಿಲ್ಲ.